ಇಳಕಲ್ ಸೀರೆ, ಇನ್‌ಸ್ಟಾಗ್ರಾಮ್ ಮತ್ತು ನನ್ನ ಲೆಕ್ಕದ ಪುಸ್ತಕ

ಹುಬ್ಬಳ್ಳಿಯ ನಮ್ಮ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ವೆಬ್‌ಸೈಟ್ ಇಲ್ಲ. ಗಿರಾಕಿ ಸೀರೆ ನೋಡುವುದು ಇನ್‌ಸ್ಟಾಗ್ರಾಮ್‌ನಲ್ಲಿ, ದರ ಕೇಳುವುದು ವಾಟ್ಸಾಪ್‌ನಲ್ಲಿ, ದುಡ್ಡು ಹಾಕುವುದು ಯುಪಿಐನಲ್ಲಿ. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಜಾಹೀರಾತಿನ ರಿಪೋರ್ಟ್ ತೆಗೆದರೆ ‘ಇಷ್ಟು ಮಾತುಕತೆ ಶುರುವಾಯಿತು’ ಅಂತ ತೋರಿಸುತ್ತದೆ. ಅವರಲ್ಲಿ ಅರ್ಧ ಜನ ‘ಪ್ರೈಸ್ ಪ್ಲೀಸ್’ ಅಂದು ಮಾಯವಾದವರು. ಸೀರೆ ಹೋಯಿತಾ, ಲಾಭ ಉಳಿಯಿತಾ ಅನ್ನುವುದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ನಾನು ಮೊದಲು ಮಾಡಿದ ಕೆಲಸ, ಒಂದೊಂದು ಜಾಗಕ್ಕೆ ಒಂದೊಂದು ಲಿಂಕ್. ವಾಟ್ಸಾಪ್ ಲಿಂಕಿನಲ್ಲಿ ಮೊದಲೇ ಒಂದು ಸಾಲು ಬರೆದಿಡಬಹುದು. ಒತ್ತಿದವರಿಗೆ ಆ ಸಾಲು ತಾನಾಗಿ ಟೈಪ್ ಆಗಿ ಬರುತ್ತದೆ. ಇನ್‌ಸ್ಟಾಗ್ರಾಮ್ ಪ್ರೊಫೈಲ್ ಲಿಂಕಿಗೆ ‘ನಮಸ್ಕಾರ, ಸೀರೆ ನೋಡಬೇಕಿತ್ತು’, ಫೇಸ್‌ಬುಕ್ ಲಿಂಕಿಗೆ ‘ನಮಸ್ಕಾರ, ಹೊಸ ಸೀರೆ ಕಳಿಸಿ’. ಬಹಳಷ್ಟು ಜನ ಅದನ್ನು ಬದಲಿಸದೆ ಹಾಗೇ ಕಳಿಸುತ್ತಾರೆ. ಮೆಸೇಜ್ ನೋಡಿದ ಕೂಡಲೇ ಇವರು ಎಲ್ಲಿಂದ ಬಂದರು ಅಂತ ಗೊತ್ತಾಗುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಅವರ ಹೆಸರಿಗೆ ಒಂದು ಲೇಬಲ್ ಹಚ್ಚಿ, ರಾತ್ರಿ ನನ್ನ ಲೆಕ್ಕದ ಶೀಟ್‌ನಲ್ಲಿ ಬರೆಯುತ್ತೇನೆ.

ಆದರೆ ಸೀರೆಯ ವಿಷಯ ಓಡಾಡುವುದು ಮನೆಯ ಗ್ರೂಪ್‌ಗಳಲ್ಲಿ. ವಿಡಿಯೋ ಡೌನ್‌ಲೋಡ್ ಮಾಡಿ ಹಾಕಿದರೆ ನನ್ನ ಲಿಂಕ್ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಬಾಯಿಬಿಟ್ಟು ಕೇಳುತ್ತೇನೆ, ಎಲ್ಲಿ ನೋಡಿದ್ರಿ ಅಂತ. ‘ನಮ್ಮ ನೆಗೆಣ್ಣಿ ಗ್ರೂಪಿನ್ಯಾಗ ಹಾಕಿದ್ಲ್ರೀ ಅಕ್ಕಾರ’ ಅನ್ನುವ ಉತ್ತರ ಬಂದರೆ, ನೆಗೆಣ್ಣಿಯ (ಓರಗಿತ್ತಿಯ) ಹೆಸರನ್ನೂ ಬರೆದುಕೊಳ್ಳುತ್ತೇನೆ. ಆಕೆ ಮೊದಲು ಜಾಹೀರಾತಿನಿಂದ ಬಂದವಳಾಗಿದ್ದರೆ ಈ ಸೀರೆಯೂ ಆ ಜಾಹೀರಾತಿನ ಖಾತೆಗೇ. ಕೆಲವರಿಗೆ ಇನ್‌ಸ್ಟಾಗ್ರಾಮೂ ಫೇಸ್‌ಬುಕ್ಕೇ, ಹಾಗಾಗಿ ಉತ್ತರ ಯಾವಾಗಲೂ ಸರಿಯಿರುವುದಿಲ್ಲ. ಇರಲಿ, ಏನೂ ಗೊತ್ತಿಲ್ಲದೆ ಕೂರುವುದಕ್ಕಿಂತ ವಾಸಿ.

ಇನ್ನು ದುಡ್ಡಿನ ವಿಷಯ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ ಅಂತ ನನ್ನ ಅನಿಸಿಕೆ. ಒಂದು ಸೀರೆಯನ್ನು 2,400 ರೂಪಾಯಿಗೆ ಮಾರಿದೆವು ಅಂತಿಟ್ಟುಕೊಳ್ಳಿ. ನೇಕಾರರಿಗೆ 1,650 ಕೊಟ್ಟಿರುತ್ತೇವೆ. ಫಾಲ್, ಪಿಕೋ, ಪ್ಯಾಕಿಂಗ್‌ಗೆ 70. ಕೊರಿಯರ್ 100. ಅಲ್ಲೊಂದು ಇಲ್ಲೊಂದು ವಾಪಸ್ ಬರುವ ಸೀರೆಯ ಖರ್ಚನ್ನು ಎಲ್ಲದರ ಮೇಲೂ ಹಂಚಿದರೆ ಇನ್ನೊಂದು 80. ಕೈಯಲ್ಲಿ ಉಳಿದದ್ದು 500. ಈಗ ಜಾಹೀರಾತಿಗೆ 10,000 ಹಾಕಿದರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 11,800 ಆಗುತ್ತದೆ. ಇನ್‌ಪುಟ್ ಕ್ರೆಡಿಟ್, ಅಂದರೆ ಹೀಗೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವವರಿಗೆ ಆ 1,800 ಹೊರೆಯಲ್ಲ, ಸಿಗದವರಿಗೆ ಅದು ಪೂರ್ತಿ ಖರ್ಚು. ಆ 11,800 ಹುಟ್ಟಬೇಕಾದರೆ 24 ಸೀರೆ ಹೋಗಬೇಕು. 24 ಸೀರೆ ಅಂದರೆ 57,600 ರೂಪಾಯಿ ವ್ಯಾಪಾರ. ‘ಹತ್ತು ಸಾವಿರ ಹಾಕಿ ಐದೂವರೆ ಪಟ್ಟಿಗಿಂತ ಜಾಸ್ತಿ ತೆಗೆದೆ’ ಅಂತ ಯಾರಾದರೂ ಹೇಳಿದರೆ ಕೇಳಲು ಚೆಂದ. ಆದರೆ ಅವರಿಗೆ ಉಳಿದದ್ದು 200 ರೂಪಾಯಿ! ಅದರಲ್ಲೂ ಸೀರೆ ಉಟ್ಟು, ವಿಡಿಯೋ ಮಾಡಿ, ರಾತ್ರಿ ಹನ್ನೊಂದರವರೆಗೆ ಉತ್ತರ ಕೊಟ್ಟವಳ ಕೂಲಿ ಇನ್ನೂ ಹಿಡಿದಿಲ್ಲ. ನಾನು ನನ್ನ ಕೂಲಿಯನ್ನು ಖರ್ಚಿನಲ್ಲಿ ಬರೆಯುತ್ತೇನೆ. ಇದೇ ಕೆಲಸಕ್ಕೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದರೆ ಎಷ್ಟು ಕೊಡುತ್ತಿದ್ದೆನೋ ಅಷ್ಟು.

ಮುಂದಿನ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಜಾಹೀರಾತು ಇಲ್ಲದಿದ್ದರೂ ಈ ಸೀರೆ ಹೋಗುತ್ತಿತ್ತಾ?

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಸೀರೆ ವ್ಯಾಪಾರ ತಾನಾಗಿ ಏರುತ್ತದೆ. ಆಷಾಢವನ್ನೂ ಶ್ರಾವಣವನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ರೀಲ್ಸ್‌ನಿಂದ ವ್ಯಾಪಾರ ಎರಡು ಪಟ್ಟಾಯಿತು’ ಅನ್ನುವುದು ಸುಮ್ನೆ ಮಾತು. ಹೋದ ವರ್ಷದ ಆಗಸ್ಟಿಗೆ ಈ ವರ್ಷದ ಆಗಸ್ಟ್ ಹೋಲಿಸಿದರೂ ತಾಳೆಯಾಗುವುದಿಲ್ಲ. ನಾಗರ ಪಂಚಮಿ 2023ರಲ್ಲಿ ಆಗಸ್ಟ್ 21ಕ್ಕೆ ಬಂತು, ಏಕೆಂದರೆ ಆ ವರ್ಷ ಅಧಿಕ ಶ್ರಾವಣ ಇತ್ತು. 2024ರಲ್ಲಿ ಆಗಸ್ಟ್ 9, 2025ರಲ್ಲಿ ಜುಲೈ 29. ಅಂದರೆ 2025ರಲ್ಲಿ ಪಂಚಮಿಯ ಖರೀದಿಯೆಲ್ಲ ಜುಲೈಗೇ ಮುಗಿಯಿತು. ಇಂಗ್ಲಿಷ್ ತಿಂಗಳು ನೋಡಿದವರಿಗೆ ಆಗಸ್ಟ್‌ನಲ್ಲಿ ಜಾಹೀರಾತು ಸೋತಂತೆ ಕಾಣುತ್ತದೆ. ಹಾಗಾಗಿ ನನ್ನ ಶೀಟ್‌ನಲ್ಲಿ ತಾರೀಖಿನ ಪಕ್ಕ ‘ಪಂಚಮಿಗೆ ಮೂರು ವಾರ’, ‘ಪಂಚಮಿಗೆ ಎರಡು ವಾರ’ ಅಂತ ಇನ್ನೊಂದು ಕಾಲಂ ಇದೆ. ಹೋಲಿಸುವುದು ಅದನ್ನೇ. ಕ್ಯಾಲೆಂಡರ್ ಬದಿಯಲ್ಲಿ ಪಂಚಾಂಗ ಇಟ್ಟುಕೊಳ್ಳದೆ ಸೀರೆ ವ್ಯಾಪಾರದ ಗ್ರಾಫ್ ಓದಲು ಆಗುವುದಿಲ್ಲ.

ಹಬ್ಬವಿಲ್ಲದ ದಿನಗಳಲ್ಲಿ ಒಂದು ಪರೀಕ್ಷೆ ಮಾಡಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆ ಜಾಹೀರಾತು ಪೂರ್ತಿ ನಿಲ್ಲಿಸಿ, ಬೆಂಗಳೂರು ಮತ್ತು ಪುಣೆಯಲ್ಲಿ ಮೊದಲಿನಂತೆ ಬಿಟ್ಟೆ. ಆಮೇಲೆ ಉಲ್ಟಾ ಮಾಡಿದೆ. ನಮ್ಮ ಕಡೆಯ ಆರ್ಡರ್ ಹೆಚ್ಚೂ ಕಡಿಮೆ ಹಾಗೇ ಇತ್ತು. ಇಲ್ಲಿನವರು ಪರಿಚಯದಿಂದಲೇ ಬರುವವರು. ಜಾಹೀರಾತು ಒತ್ತಿ ಬಂದರೆ ಅದು ದಾರಿಯಷ್ಟೇ, ಕಾರಣವಲ್ಲ. ಬೆಂಗಳೂರಿನಲ್ಲಿ ನಿಲ್ಲಿಸಿದ ಕೂಡಲೇ ಅಲ್ಲಿಂದ ಹೊಸ ನಂಬರುಗಳು ಬರುವುದು ನಿಂತೇ ಹೋಯಿತು. ಮೊದಲು ಶೀಟಿನಲ್ಲಿ ಎರಡೂ ಕಡೆ ಒಂದೇ ಥರ ‘ಜಾಹೀರಾತಿನಿಂದ’ ಅಂತ ಬರೆದಿತ್ತು, ಅಲ್ವಾ? ನಿಲ್ಲಿಸಿ ನೋಡುವವರೆಗೆ ವ್ಯತ್ಯಾಸ ಕಾಣಲೇ ಇಲ್ಲ.

ವಿಡಿಯೋಗಳ ಬಗ್ಗೆ ಒಂದು ಮಾತು. ಒಡಲಿಗೆ ಸೆರಗು ಜೋಡಿಸುವ ಕೊಂಡಿ ಕೆಲಸದ ವಿಡಿಯೋ ಜನ ಮುಗಿಬಿದ್ದು ನೋಡುತ್ತಾರೆ, ಕೊಳ್ಳುವವರು ಕಡಿಮೆ. ಹಗಲು ಬೆಳಕಿನಲ್ಲಿ ಬಣ್ಣ ತೋರಿಸಿ, ಸೆರಗು ರೇಷ್ಮೆಯೋ ಅಲ್ಲವೋ ಹೇಳಿ, ದರ ಹಾಕಿದ ಸಾದಾ ವಿಡಿಯೋಕ್ಕೆ ಲೈಕ್ ಕಡಿಮೆ, ಆರ್ಡರ್ ಜಾಸ್ತಿ. ‘ಬಣ್ಣ ಬೇರೆ ಬಂತು’ ಅಂತ ವಾಪಸ್ ಬರುವ ಸೀರೆಗಳೂ ಕಡಿಮೆಯಾದವು. ವಾಪಸಾತಿಗೆ ಹಿಡಿದ ಆ 80 ರೂಪಾಯಿ ಇಳಿದರೆ ಅದೂ ವಿಡಿಯೋದ ಗಳಿಕೆಯೇ. ಅದನ್ನು ಯಾವ ರಿಪೋರ್ಟೂ ತೋರಿಸುವುದಿಲ್ಲ.

ಈಗ ನಮ್ಮ ಕಡೆ ಜಾಹೀರಾತಿಗೆ ದುಡ್ಡು ಹಾಕುವುದಿಲ್ಲ. ಹಳೆಯ ಗಿರಾಕಿಗಳಿಗೆ ಹೊಸ ಸೀರೆ ಬಂದಾಗ ವಾಟ್ಸಾಪ್ ಮಾಡುತ್ತೇನೆ, ಸಾಕು. ಜಾಹೀರಾತಿನ ದುಡ್ಡೆಲ್ಲ ಬೆಂಗಳೂರು, ಪುಣೆಗೆ ಹೋಗುತ್ತದೆ, ಅದೂ ಪಂಚಮಿಗೆ ನಾಲ್ಕು ವಾರ ಮೊದಲು ಶುರು. ಕೊರಿಯರ್ ಹಬ್ಬದೊಳಗೆ ಮುಟ್ಟಬೇಕಲ್ಲ.