ಮಿಸ್ಡ್ ಕಾಲ್ ಬಂದರೆ ಗಾಡಿ ಹೊರಡುತ್ತಿತ್ತು

2013ರಲ್ಲಿ ನಾನು ಕಾಂಗೋದ ಪೂರ್ವಕ್ಕಿರುವ ಉತ್ತರ ಕಿವು ಪ್ರಾಂತ್ಯದಲ್ಲಿ ವಿಶ್ವಸಂಸ್ಥೆ ಶಾಂತಿಪಡೆಯ ಭಾರತೀಯ ಬೆಟಾಲಿಯನ್‌ನಲ್ಲಿ ಕಂಪನಿ ಕಮಾಂಡರ್ ಆಗಿದ್ದೆ. ಹೋದ ಹೊಸತರಲ್ಲೇ ಎಲ್ಲರ ಬಾಯಲ್ಲೂ ಕೇಳಿದ ಹೆಸರು ಕಿವಾಂಜಾ. 2008ರ ನವೆಂಬರ್‌ನಲ್ಲಿ ಆ ಊರಿನಲ್ಲಿ ಸುಮಾರು 150 ಜನರನ್ನು ಕೊಂದಿದ್ದರು. ಶಾಂತಿಪಡೆಯ ಬೇಸ್ ಅಲ್ಲಿಂದ ಎರಡು ಕಿಲೋಮೀಟರ್ ಕೂಡ ದೂರ ಇರಲಿಲ್ಲ. ಹೊರಗೆ ಏನಾಗ್ತಿದೆ ಅನ್ನೋ ಸುದ್ದಿಯೇ ಒಳಗೆ ಸರಿಯಾಗಿ ಮುಟ್ಟಿರಲಿಲ್ಲ.

ಅದಾದ ಮೇಲೆ ವಿಶ್ವಸಂಸ್ಥೆ ಬೇಸ್‌ಗಳಿಗೆ ಸ್ಥಳೀಯ ಭಾಷೆ ಬಲ್ಲ ಕಾಂಗೋದವರನ್ನೇ ಸಂಪರ್ಕ ಸಹಾಯಕರಾಗಿ ನೇಮಿಸಿತು. ನಾವು ಅವರನ್ನು ಸಿಎಲ್‌ಎ ಅಂತ ಕರೀತಿದ್ದೆವು. ನನ್ನ ಪ್ರಕಾರ ಆ ಮಿಷನ್ ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ ಇದು.

ನಮ್ಮ ಸಿಎಲ್‌ಎ ಜೊತೆ ಊರೂರು ಸುತ್ತಿ ಫೋನ್ ಜಾಲ ಕಟ್ಟಿದೆವು. ಊರಿನ ಮುಖ್ಯಸ್ಥನ ನಂಬರ್ ಇದ್ದರೆ ಸಾಕು ಅನ್ನಿಸುತ್ತೆ, ಅಲ್ವಾ? ಸಾಲದು. ದಾಳಿ ಆದರೆ ಬಂದೂಕಿನವರು ಮೊದಲು ಹುಡುಕೋದೇ ಅವನನ್ನು. ಹಾಗಾಗಿ ದವಾಖಾನೆಯ ನರ್ಸ್, ಸಂತೆಗೆ ಹೋಗುವ ಹೆಂಗಸು, ಬೈಕ್ ಟ್ಯಾಕ್ಸಿ ಓಡಿಸುವ ಹುಡುಗ, ಇವರನ್ನೂ ಸೇರಿಸಿಕೊಂಡೆವು. ಅವರ ಹತ್ತಿರ ಕರೆನ್ಸಿ ಇರುತ್ತಿರಲಿಲ್ಲ. ನಮ್ಮೂರಿನ ಮಿಸ್ಡ್ ಕಾಲ್ ಉಪಾಯ ಅಲ್ಲಿ ಕೆಲಸಕ್ಕೆ ಬಂತು. ಒಂದು ಮಿಸ್ಡ್ ಕಾಲ್ ಬಂದರೆ ಸಿಎಲ್‌ಎ ವಾಪಸ್ ಫೋನ್ ಮಾಡಬೇಕು. ಒಂದರ ಹಿಂದೆ ಒಂದು ಎರಡು ಬಂದರೆ ಕೇಳೋದೇನೂ ಇಲ್ಲ, ಗಾಡಿ ಹೊರಡಬೇಕು.

ಗಾಡಿ ಮಾತ್ರ ಫೋನ್ ಮಾಡಿದವರ ಮನೆ ಮುಂದೆ ನಿಲ್ಲಬಾರದು. ನಿಂತರೆ ಸುಳಿವು ಕೊಟ್ಟಿದ್ದು ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತೆ. ಊರು ದಾಟಿ ಮುಂದೆ ಹೋಗಿ, ಆ ಕಡೆಯಿಂದ ವಾಪಸ್ ಬರುತ್ತಿದ್ದೆವು. ಬಂದ ಕರೆಗಳನ್ನು ಬರೆದಿಡುವ ರಿಜಿಸ್ಟರಿನಲ್ಲಿ ಕೊನೆಯ ಕಾಲಂ ‘ತಿಳಿಸಿದೆವಾ?’ ಅಂತ. ಹೋಗಿ ಏನು ನೋಡಿದೆವು, ಏನು ಮಾಡಿದೆವು ಅನ್ನೋದನ್ನು ಫೋನ್ ಮಾಡಿದವರಿಗೆ ಹೇಳಲೇಬೇಕು. ಇಲ್ಲದಿದ್ದರೆ ಇನ್ನೊಂದು ಸಲ ಫೋನ್ ಬರಲ್ಲ.

ಇದಕ್ಕಿಂತ ಕಷ್ಟ ಆಗಿದ್ದು ಜನರ ಸಿಟ್ಟು. 2012ರ ನವೆಂಬರ್ 20ರಂದು ಶಾಂತಿಪಡೆ ಇದ್ದಾಗಲೇ ಎಂ23 ಬಂಡುಕೋರರು ಪ್ರಾಂತ್ಯದ ರಾಜಧಾನಿ ಗೋಮಾ ಹಿಡಿದಿದ್ದರು. ನ್ಯೂಯಾರ್ಕಿನಲ್ಲಿ ಕೂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇದಕ್ಕೆ 2098ನೇ ನಿರ್ಣಯದಿಂದ ಉತ್ತರ ಕೊಟ್ಟಿತು. ಟಾಂಜಾನಿಯಾ, ದಕ್ಷಿಣ ಆಫ್ರಿಕಾ, ಮಲಾವಿ ಸೈನಿಕರ ಬ್ರಿಗೇಡ್ ಬಂತು, ಮೇಲೆ ಬಿದ್ದು ಹೊಡೆಯುವ ಅಧಿಕಾರ ಅದಕ್ಕಿತ್ತು. 2013ರ ನವೆಂಬರ್ ಹೊತ್ತಿಗೆ ಕಾಂಗೋ ಸೇನೆಯೂ ಆ ಬ್ರಿಗೇಡೂ ಸೇರಿ ಎಂ23ಯನ್ನು ಸೋಲಿಸಿದವು. ಆಮೇಲೆ ಊರಿನ ಹುಡುಗರು ನಮ್ಮನ್ನು ಕೇಳತೊಡಗಿದರು: ‘ಅವರು ಹೊಡೀತಾರೆ, ನೀವ್ಯಾಕೆ ಹೊಡೆಯಲ್ಲ?’ ಇಬ್ಬರ ತಲೆ ಮೇಲೂ ಅದೇ ನೀಲಿ ಹೆಲ್ಮೆಟ್. ಜನರನ್ನು ಕಾಪಾಡಲು ಬಲ ಬಳಸುವ ಅಧಿಕಾರ ನಮಗೂ ಇತ್ತು ಅನ್ನೋದು ಅವರಿಗೆ ಗೊತ್ತಿತ್ತು.

ನಿರ್ಣಯದ ಭಾಷೆಯಲ್ಲಿ ಉತ್ತರ ಕೊಡೋದನ್ನು ಬಿಟ್ಟೆ. ಸಭೆಯಲ್ಲಿ ನೇರವಾಗಿ ಹೇಳಿದೆ: ಸಂತೆ ದಿನ ಬೆಳಿಗ್ಗೆ ದಾರಿಯುದ್ದಕ್ಕೂ ನಾವಿರ್ತೀವಿ. ಮಳೆ ಬಿದ್ದ ರಾತ್ರಿ ಬೆಟ್ಟದಾಚೆ ಊರಿಗೆ ನಮ್ಮ ಗಾಡಿ ಹತ್ತಲ್ಲ, ನಂಬಿಕೊಂಡು ಕೂರಬೇಡಿ. ಒಬ್ಬ ಹುಡುಗ ಎದ್ದು, ‘ಹಾಗಾದರೆ ಯಾಕೆ ಇದ್ದೀರಿ?’ ಅಂದ. ಅವನ ಸಿಟ್ಟು ಇಳಿಯಲಿಲ್ಲ. ಆದರೆ ಸಭೆ ಮುಗಿದ ಮೇಲೆ ಸಿಎಲ್‌ಎ ಹತ್ತಿರ ಬಂದು ನಂಬರ್ ಬರೆಸಿಕೊಂಡು ಹೋದ.

2022ರ ಜುಲೈಯಲ್ಲಿ ಆ ಸಿಟ್ಟು ಗೋಮಾ, ಬುಟೆಂಬೊ ಬೀದಿಗೆ ಬಂತು. ಬುಟೆಂಬೊದಲ್ಲಿ ನಮ್ಮ ಬಿಎಸ್ಎಫ್‌ನ ಇಬ್ಬರು, ಮೊರಾಕ್ಕೊದ ಒಬ್ಬ ಸೈನಿಕ ತೀರಿಕೊಂಡರು. ಕಾಂಗೋ ಸರ್ಕಾರವೇ ಹೊರಡಿ ಅಂದಿತು. 2023ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ ಹಂತಹಂತವಾಗಿ ಹೊರಡಲು ಒಪ್ಪಿತು. 2024ರ ಜೂನ್‌ನಲ್ಲಿ ಶಾಂತಿಪಡೆ ಪಕ್ಕದ ದಕ್ಷಿಣ ಕಿವು ಪ್ರಾಂತ್ಯ ಖಾಲಿ ಮಾಡಿತು. 2025ರ ಜನವರಿಯಲ್ಲಿ ಎಂ23 ಮತ್ತೆ ಗೋಮಾ ಹಿಡಿಯಿತು.

ಬೇಸ್ ಮುಚ್ಚುವಾಗ ಕಂಟೇನರ್, ಜನರೇಟರ್ ಎಲ್ಲಕ್ಕೂ ಪಟ್ಟಿ ಇರುತ್ತೆ. ಫೋನ್ ಮಾಡುತ್ತಿದ್ದವರ ಹೆಸರುಗಳಿರುವ ರಿಜಿಸ್ಟರನ್ನು ಮಾತ್ರ ಯಾರ ಕೈಗೂ ಕೊಡಬಾರದು ಅಂತ ನನಗನ್ನಿಸುತ್ತೆ, ಸರ್ಕಾರದ ಕೈಗೂ.