ಹಂದಿ ಗೂಡಿನ ಗ್ಯಾಸು: ನೀರು ಕಮ್ಮಿಯಾದಷ್ಟು ಉರಿ ಜಾಸ್ತಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಅಡಿಕೆ ತೋಟ. ಅದರ ಕೆಳಗಿನ ಮೂಲೆಯಲ್ಲಿ 20 ಹಂದಿಗಳ ಗೂಡು. ಗೋಬರ್ ಗ್ಯಾಸ್ ಅಂದರೆ ದನದ ಸಗಣಿಯದ್ದು ಎಂದೇ ನಮ್ಮ ಕಡೆ ಎಲ್ಲರ ಲೆಕ್ಕ. ಕಿಲೋಗೆ ಕಿಲೋ ನೋಡಿದರೆ ಹಂದಿ ಸಗಣಿಯಲ್ಲೇ ಗ್ಯಾಸ್ ಜಾಸ್ತಿ. ಆದರೆ ನೀರಿನ ಮೇಲೆ ಹಿಡಿತ ಬೇಕು.

ಲೆಕ್ಕ ಹೀಗೆ. ಬೆಳೆದ ಹಂದಿ ದಿನಕ್ಕೆ 2ರಿಂದ 3 ಕಿಲೋ ಸಗಣಿ ಹಾಕುತ್ತದೆ. ನಮ್ಮಲ್ಲಿ ಒಟ್ಟು ಸುಮಾರು 50 ಕಿಲೋ. ಅಷ್ಟೇ ನೀರು ಬೆರೆಸಿದರೆ 100 ಲೀಟರ್ ಬಗ್ಗಡ. ಅದು ಒಳಗೆ ಚೆನ್ನಾಗಿ ಕೊಳೆಯಲು 40 ದಿನ ಕೊಡಬೇಕು. ಅದಕ್ಕೇ 4,000 ಲೀಟರ್ ಬಗ್ಗಡ ನಿಲ್ಲುವ ಹಾಗೆ ದೀನಬಂಧು ಮಾದರಿಯ ಗುಮ್ಮಟ, ಅಂದರೆ ನೆಲದೊಳಗಿನ ಗ್ಯಾಸ್ ತೊಟ್ಟಿ, ಕಟ್ಟಿಸಿದೆ. ಗೂಡು ತೊಳೆದ 500 ಲೀಟರ್ ನೀರನ್ನೂ ಅದಕ್ಕೇ ಬಿಟ್ಟರೆ ಏನಾಗುತ್ತದೆ? ಹಾಕಿದ್ದು ವಾರದಲ್ಲೇ ಹೊರಗೆ ಬರುತ್ತದೆ. ಅರೆಬರೆ ಕೊಳೆತು, ನಾತದ ಜೊತೆಗೆ. ಗ್ಯಾಸೂ ಇಲ್ಲ, ನೆರೆಯವರ ಮನಸ್ಸೂ ಉಳಿಯುವುದಿಲ್ಲ.

ಹಾಗಾಗಿ ಬೆಳಿಗ್ಗೆ ಮೊದಲು ಸಲಿಕೆಯಲ್ಲಿ ಸಗಣಿ ಬಳಿದು ತೊಟ್ಟಿಗೆ ಹಾಕುತ್ತೇವೆ. ಪೈಪ್ ಹಿಡಿಯುವುದು ಆಮೇಲೆ. ತೊಳೆದ ನೀರಿಗೆ ಬೇರೆ ಚರಂಡಿ, ಅದು ಹುಲ್ಲಿನ ಪಾತಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್, ಫಿನಾಯಿಲ್ ಹಾಕಿದ ನೀರು ಗುಮ್ಮಟಕ್ಕೆ ಸೇರಲೇಬಾರದು. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮಳೆಗಾಲದಲ್ಲಿ ಗೂಡಿನ ಮಾಡಿನ ನೀರು ಬೀಳದಂತೆ ದಂಬೆ ಕಟ್ಟಿದ್ದೇವೆ. 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು ನಮ್ಮದು, ಇದನ್ನು ಸುಮ್ನೆ ಬಿಡುವಂತಿಲ್ಲ.

ಶುರುವಿಗೆ ಪಕ್ಕದ ಮನೆಯ ಗೋಬರ್ ಗ್ಯಾಸಿನ ಹಳೇ ಬಗ್ಗಡ ತಂದು ತುಂಬಿಸಿದೆವು. ಹಂದಿ ಸಗಣಿಯಲ್ಲಿ ಸಾರಜನಕ ಜಾಸ್ತಿ, ಅದೊಂದೇ ಆದರೆ ಅಮೋನಿಯಾ ಏರುತ್ತದೆ. ಅದಕ್ಕೆ ಈಗಲೂ ದಿನಾ ಒಂದು ಬುಟ್ಟಿ ದನದ ಸಗಣಿ ಸೇರಿಸುತ್ತೇವೆ.

ಈ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ವಿಷ, ಒಲೆಯನ್ನೂ ತಿನ್ನುತ್ತದೆ. ಅದನ್ನು ತೆಗೆಯಲು ಲೇತ್ ಅಂಗಡಿಯಿಂದ ಕಬ್ಬಿಣದ ಸುರುಳಿ ಚೂರು ತಂದು, ತುಕ್ಕು ಹಿಡಿಸಿ, ದಪ್ಪ ಪೈಪಿನಲ್ಲಿ ತುಂಬಿ ಗ್ಯಾಸನ್ನು ಅದರ ಮೂಲಕ ಬಿಟ್ಟಿದ್ದೇನೆ. ಕೆಂಪು ತುಕ್ಕು ಕಪ್ಪಾದರೆ ಹೊರಗೆ ಹರಡಬೇಕು. ಗಾಳಿ ತಾಗಿ ಮತ್ತೆ ಕೆಂಪಾಗುತ್ತದೆ, ಮತ್ತೆ ಬಳಸಬಹುದು. ಆಗ ಅದು ಬಿಸಿಯೇರುತ್ತದೆ. ಒಣ ಸೋಗೆಯ ಹತ್ತಿರ ಹಾಕಬೇಡಿ.

ದಿನಕ್ಕೆ 3 ಘನ ಮೀಟರ್ ಆಸುಪಾಸು ಗ್ಯಾಸ್. ಸಿಲಿಂಡರಿನ ಗ್ಯಾಸ್ ಲೆಕ್ಕದಲ್ಲಿ ಒಂದೂಕಾಲು ಕಿಲೋ. ಇದರಲ್ಲಿ ಮೊದಲ ಪಾಲು ಹಂದಿಗಳಿಗೇ. ಹೋಟೆಲಿನಿಂದ ತರುವ ಉಳಿಕೆ ಅನ್ನ, ಸಾರನ್ನು ಚೆನ್ನಾಗಿ ಕುದಿಸಿಯೇ ಹಾಕುತ್ತೇವೆ. 2022ರಲ್ಲಿ ವಯನಾಡಿನಲ್ಲಿ ಆಫ್ರಿಕನ್ ಹಂದಿಜ್ವರ ಬಂದದ್ದನ್ನು ಕೇರಳದ ಹಂದಿ ಸಾಕುವವರು ಯಾರೂ ಮರೆತಿಲ್ಲ. ಅದಕ್ಕೆ ನಮ್ಮ ದೇಶದಲ್ಲಿ ಲಸಿಕೆ ಸಿಗುವುದಿಲ್ಲ, ಔಷಧಿಯಂತೂ ಇಲ್ಲವೇ ಇಲ್ಲ. ಹಸಿ ಉಳಿಕೆಯಲ್ಲಿ ಹಂದಿ ಮಾಂಸದ ಚೂರಿದ್ದರೂ ರೋಗ ಬರಬಹುದು. ಸೌದೆ ಖರ್ಚಿಗೆ ಹೆದರಿ ಯಾರೂ ಕುದಿಸುವುದನ್ನು ಬಿಡುವುದು ಬೇಡ, ಉರಿ ಗೂಡಿನಲ್ಲೇ ಇದೆ.

ಉಳಿದದ್ದು ಅಡುಗೆಮನೆಗೆ. "ಹಂದಿ ಸಗಣಿ ಗ್ಯಾಸಿನಲ್ಲಿ ಅಡುಗೆಯಾ ಮಗಾ?" ಎಂದು ಅಮ್ಮ ಹಿಂದೆ ಸರಿದಿದ್ದರು. ನೀಲಿ ಉರಿ ನೋಡಿ, ವಾಸನೆಯಿಲ್ಲ ಎಂದು ಖಾತ್ರಿಯಾದ ಮೇಲೆ ಕುಚ್ಚಲಕ್ಕಿ ಗಂಜಿ ಅದರಲ್ಲೇ ಬೇಯಿಸುತ್ತಾರೆ.

ಹೊರಬಂದ ಬಗ್ಗಡವನ್ನು ನೇರ ಬುಡಕ್ಕೆ ಹೊಯ್ಯುವುದಿಲ್ಲ. ಅಡಿಕೆ ಸೋಗೆ, ತರಗೆಲೆಯ ಜೊತೆ ಗುಂಡಿಯಲ್ಲಿ ಕೊಳೆಸಿ, ಮಳೆ ಬಿಟ್ಟ ಮೇಲೆ ತೋಟಕ್ಕೆ ಹಾಕುತ್ತೇವೆ.