ಮಗು ಎದ್ದಿರುವಾಗಲೇ ಬಟ್ಟೆ ಮಡಿಸಿ

ಎಳೆಯ ಮಗುವಿರುವ ಮನೆಯಲ್ಲಿ ಕೆಲಸಗಳನ್ನು ಗಂಟೆಯ ಲೆಕ್ಕದಲ್ಲಿ ಹಂಚಿಕೊಳ್ಳುವುದಕ್ಕಿಂತ ಹೀಗೆ ಎರಡು ಪಾಲು ಮಾಡಿ ನೋಡಿ: ಬೆಂಕಿ, ಬಿಸಿ, ಚಾಕು ಇರುವ ಕೆಲಸ ಮಗು ಮಲಗಿದಾಗ, ಅರ್ಧಕ್ಕೆ ಬಿಟ್ಟು ಏಳಬಹುದಾದ ಕೆಲಸ ಅದು ಎದ್ದಿರುವಾಗ. ಒಗ್ಗರಣೆ, ತರಕಾರಿ ಹೆಚ್ಚುವುದು ಮೊದಲ ಪಾಲಿಗೆ. ಬಟ್ಟೆ ಮಡಿಸುವುದು, ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಎರಡನೆಯದಕ್ಕೆ. ಮಗುವನ್ನು ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿಸಿ ಮಾತಾಡಿಸುತ್ತಾ ಮಾಡಿ. ಬಣ್ಣಬಣ್ಣದ ಬಟ್ಟೆ ಕೊಡವುವುದನ್ನು ಅದು ಕಣ್ಣರಳಿಸಿ ನೋಡುತ್ತದೆ. ಮೊದಲ ಮೂರು ತಿಂಗಳು ಮಕ್ಕಳು ದಿನಕ್ಕೆ 14ರಿಂದ 17 ಗಂಟೆ ಮಲಗಿದರೂ ಆ ನಿದ್ದೆ ತುಂಡು ತುಂಡು. ಗಡಿಯಾರಕ್ಕೆ ಕಟ್ಟಿದ ಪಟ್ಟಿ ನಿಲ್ಲುವುದಿಲ್ಲ, ಮಗುವಿನ ಸ್ಥಿತಿಗೆ ಕಟ್ಟಿದ್ದು ನಿಲ್ಲುತ್ತದೆ. ಹಗಲಿನ ಒಂದು ನಿದ್ದೆಯನ್ನು ಮಾತ್ರ ಯಾವ ಕೆಲಸಕ್ಕೂ ಕೊಡಬೇಡಿ, ಆಗ ನೀವೂ ಮಲಗಿ; ಪಾತ್ರೆ ಸಿಂಕಿನಲ್ಲಿ ಕಾಯಲಿ. 6, 10, 14ನೇ ವಾರದ ಲಸಿಕೆಯ ದಿನ, ಸಂಜೆ ರಚ್ಚೆ ಹಿಡಿಯುವ ದಿನ ಈ ಉಪಾಯ ನಡೆಯುವುದಿಲ್ಲ. ಅನ್ನ, ತಿಳಿಸಾರು ಸಾಕು. ಮಗು ಅಂಬೆಗಾಲಿಡಲು ಶುರುಮಾಡಿದ ಮೇಲೆ ಕಾಳು ಸುಲಿಯುವುದನ್ನೂ ನಿದ್ದೆಯ ಪಾಲಿಗೆ ಸೇರಿಸಿ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ.